ಆಳಸಮುದ್ರದ ಲೂಸಿಫರೇಸ್ ಜೊತೆ ಪ್ರಯೋಗ: ಕಿಣ್ವ ಆರಿಸುವುದರಿಂದ ಅಂಕಿ ಓದುವವರೆಗೆ

ಓಪ್ಲೋಫೋರಸ್ ಗ್ರಾಸಿಲಿರಾಸ್ಟ್ರಿಸ್ ಅಂತ ಒಂದು ಆಳಸಮುದ್ರದ ಸಿಗಡಿ ಇದೆ. ಹಿಡಿದು ತಿನ್ನಲು ಯಾರಾದರೂ ಬಂದರೆ ಅದು ಬಾಯಿಯಿಂದ ನೀಲಿ ಬೆಳಕಿನ ಮೋಡವನ್ನೇ ಉಗುಳುತ್ತದೆ. ಬಂದ ಪ್ರಾಣಿ ಆ ಬೆಳಕಿಗೆ ತಬ್ಬಿಬ್ಬಾಗಿ ನಿಂತಿರುವಾಗ ಸಿಗಡಿ ಕತ್ತಲೊಳಗೆ ಪರಾರಿ. ಆ ಉಗುಳಿನಲ್ಲಿದ್ದ ಕಿಣ್ವದ ಒಂದು ಭಾಗವನ್ನು ತಿದ್ದಿ ತೀಡಿ ಮಾಡಿದ್ದೇ ನ್ಯಾನೋಲಕ್. ಜೀವಕೋಶಗಳ ಒಳಗೆ ಏನು ನಡೆಯುತ್ತಿದೆ ಎಂದು ಬೆಳಕಿನ ಮೂಲಕ ಅಳೆಯುವ ಪ್ರಯೋಗಾಲಯಗಳಲ್ಲಿ ಈಗ ಇದು ತುಂಬಾ ಬಳಕೆಯಲ್ಲಿದೆ.

ಜೀವಕೋಶ ಬೆಳೆಸುವುದು, ಪೈಪೆಟ್ ಹಿಡಿಯುವುದು ಗೊತ್ತಿದ್ದು, ಲೂಸಿಫರೇಸ್ (ಬೆಳಕು ಮಾಡುವ ಕಿಣ್ವ) ಪ್ರಯೋಗವನ್ನು ಇನ್ನೂ ಮಾಡಿರದ ವಿದ್ಯಾರ್ಥಿಗಳಿಗೆ ಈ ಮಾರ್ಗದರ್ಶಿ. ಹೊಸಬರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಯಾವುದು ಜಾಸ್ತಿ ಬೆಳಗುತ್ತೆ?" ನನ್ನ ಪ್ರಕಾರ ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಈಗಿನ ಕಿಣ್ವಗಳೆಲ್ಲ ಸಾಕಷ್ಟು ಬೆಳಗುತ್ತವೆ. ಪ್ರಯೋಗ ಕೆಡುವುದು ಹೆಚ್ಚಾಗಿ ಮೂರು ಕಡೆ: ಬೆಳಕಿಗೆ ಇಂಧನವಾಗುವ ಸಬ್‌ಸ್ಟ್ರೇಟ್‌ನಲ್ಲಿ, ಓದುವ ಸಮಯದಲ್ಲಿ, ಹೋಲಿಕೆಗೆ ಇಡುವ ಕಂಟ್ರೋಲ್‌ಗಳಲ್ಲಿ. ಹಾಗಾಗಿ ಇಲ್ಲೂ ಆ ಮೂರಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮುಂಚೆ: ಬೆಳಕು ಎಲ್ಲಿಂದ ಬರುತ್ತದೆ

1880ರ ದಶಕದಲ್ಲಿ ಫ್ರಾನ್ಸಿನ ರಫಾಯೆಲ್ ಡುಬ್ವಾ ಒಂದು ಸರಳ ಪ್ರಯೋಗ ಮಾಡಿದರು. ಬೆಳಗುವ ಪ್ರಾಣಿಯ ಅಂಗಾಂಶವನ್ನು ತಣ್ಣೀರಿನಲ್ಲಿ ಅರೆದರೆ ಬೆಳಕು ಸ್ವಲ್ಪ ಹೊತ್ತು ಇದ್ದು ಆರಿಹೋಗುತ್ತಿತ್ತು. ಬಿಸಿನೀರಿನಲ್ಲಿ ತೆಗೆದ ಸಾರ ಬೆಳಗುತ್ತಲೇ ಇರಲಿಲ್ಲ. ಎರಡನ್ನೂ ಬೆರೆಸಿದರೆ ಮತ್ತೆ ಬೆಳಕು! ತಣ್ಣೀರಿನ ಸಾರದಲ್ಲಿ ಇಂಧನ ಖಾಲಿಯಾಗಿ ಕಿಣ್ವ ಉಳಿದಿತ್ತು. ಬಿಸಿನೀರಿನ ಸಾರದಲ್ಲಿ ಕಿಣ್ವ ಸತ್ತು ಇಂಧನ ಉಳಿದಿತ್ತು. ಕಿಣ್ವಕ್ಕೆ ಲೂಸಿಫರೇಸ್, ಇಂಧನಕ್ಕೆ ಲೂಸಿಫೆರಿನ್ ಎಂಬ ಹೆಸರು ಬಂದದ್ದು ಅಲ್ಲಿಂದ.

ನಮಗೆ ಬೇಕಾದ ಆಳಸಮುದ್ರದ ಕಿಣ್ವಗಳ ಇಂಧನ ಒಂದೇ, ಸೀಲೆಂಟರಜೀನ್. ಕಿಣ್ವದ ಹಿಡಿತದಲ್ಲಿ ಅದು ಆಮ್ಲಜನಕದೊಂದಿಗೆ ಸೇರಿ, ಇಂಗಾಲದ ಡೈಆಕ್ಸೈಡ್ ಬಿಟ್ಟು, ಸೀಲೆಂಟರಮೈಡ್ ಆಗುತ್ತದೆ. ಆಗ ಹೊರಬೀಳುವ ಶಕ್ತಿಯೇ ನೀಲಿ ಬೆಳಕು. ಮಿಂಚುಹುಳದ ಕಿಣ್ವಕ್ಕೆ ತನ್ನದೇ ಬೇರೆ ಇಂಧನ ಮತ್ತು ಆಮ್ಲಜನಕದ ಮೇಲೆ ಎಟಿಪಿ (ಕೋಶದ ಶಕ್ತಿಯ ಅಣು) ಮತ್ತು ಮೆಗ್ನೀಸಿಯಂ ಕೂಡ ಬೇಕು. ಸಮುದ್ರದ ಈ ಕಿಣ್ವಗಳಿಗೆ ಅದ್ಯಾವುದೂ ಬೇಡ. ಆದ್ದರಿಂದ ಅವು ಜೀವಕೋಶದ ಹೊರಗೂ ಕೆಲಸ ಮಾಡುತ್ತವೆ. ಕೋಶ ಬೆಳೆದ ದ್ರಾವಣದಲ್ಲಿ, ರಕ್ತದ ಹನಿಯಲ್ಲಿ, ಬರೀ ಬಫರಿನಲ್ಲೂ ಬೆಳಗುತ್ತವೆ. ಇವುಗಳ ದೊಡ್ಡ ಅನುಕೂಲ ಇದೇ.

ಇದರ ಇನ್ನೊಂದು ಮುಖವನ್ನೂ ಈಗಲೇ ತಿಳಿದಿರಿ. ಆಮ್ಲಜನಕ ಮಾತ್ರ ಸಾಕು ಅನ್ನುವ ಇಂಧನ, ಕಿಣ್ವ ಇಲ್ಲದಿದ್ದರೂ ನಿಧಾನವಾಗಿ ತಾನೇ ಉರಿಯುತ್ತಿರುತ್ತದೆ. ಮುಂದೆ ಬರುವ ತಲೆನೋವುಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತವೆ.

ಬೆಳಕು ನೀಲಿಯೇ ಯಾಕೆ? ಸಮುದ್ರದ ನೀರಿನಲ್ಲಿ ಹೆಚ್ಚು ದೂರ ಹೋಗುವುದು ನೀಲಿ ಬೆಳಕು. ಅಲ್ಲಿನ ಬಹುಪಾಲು ಪ್ರಾಣಿಗಳ ಕಣ್ಣೂ ಅದಕ್ಕೇ ಹೊಂದಿಕೊಂಡಿದೆ. ಬೆಳಗುವುದು ಅಲ್ಲಿ ಅಪರೂಪದ ವಿದ್ಯೆಯೂ ಅಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ 17 ವರ್ಷ ತೆಗೆದ ವಿಡಿಯೊಗಳನ್ನು ಎಣಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರಿನಲ್ಲಿ ಕಂಡ ಪ್ರಾಣಿಗಳ ಪೈಕಿ 76%ಕ್ಕೆ ಬೆಳಕು ಮಾಡುವ ಸಾಮರ್ಥ್ಯ ಇತ್ತು. ನಮ್ಮ ಪ್ರಯೋಗಕ್ಕೆ ಬೇಕಾದ ಮಾತೇನೆಂದರೆ, ನೀರಿಗೆ ಹೇಳಿಮಾಡಿಸಿದ ಈ ನೀಲಿ ಬೆಳಕು ರಕ್ತ ಮಾಂಸಕ್ಕೆ ಒಗ್ಗುವುದಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಈ ಜೀನ್ ಮೇಲೆ ಔಷಧದ ಪರಿಣಾಮ ನೋಡಬೇಕು" ಅಂದರೆ ಸಾಲದು. ಎಷ್ಟು ಹೊತ್ತಿನಲ್ಲಿ? ಏರುವುದನ್ನು ನೋಡಬೇಕೋ, ಇಳಿಯುವುದನ್ನೋ? ಅದೇ ಕೋಶಗಳನ್ನು ನಾಲ್ಕು ದಿನ ಬಿಡದೆ ನೋಡಬೇಕೋ, ಒಂದೇ ಸಲ ಒಡೆದು ಓದಿದರೆ ಸಾಕೋ? ಅಳೆಯಬೇಕಾದದ್ದು ಪ್ರೊಮೋಟರ್‌ನ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗದ) ಚುರುಕೋ, ಒಂದು ಪ್ರೋಟೀನಿನ ಪ್ರಮಾಣವೋ, ಎರಡು ಪ್ರೋಟೀನುಗಳ ಭೇಟಿಯೋ? ಇವಕ್ಕೆ ಉತ್ತರ ಬರೆದ ಮೇಲೆ ಕಿಣ್ವದ ಆಯ್ಕೆ ಹೆಚ್ಚುಕಮ್ಮಿ ತಾನಾಗಿಯೇ ಆಗುತ್ತದೆ.

ಹಂತ 2: ಕಿಣ್ವ ಆರಿಸಿ

ಮುಖ್ಯವಾಗಿ ಎರಡು ಕುಟುಂಬಗಳು ನಿಮ್ಮ ಮುಂದಿವೆ. ಒಂದು ಕೋಪೆಪಾಡ್‌ಗಳೆಂಬ, ಸಿಗಡಿಯ ದೂರದ ನೆಂಟರಾದ ಪುಟ್ಟ ಜೀವಿಗಳದ್ದು, ಇನ್ನೊಂದು ಆ ಸಿಗಡಿಯದ್ದು.

ಗಾಸಿಯಾ ಪ್ರಿನ್ಸೆಪ್ಸ್ ಅನ್ನುವುದು ಒಂದು ಆಳಸಮುದ್ರದ ಕೋಪೆಪಾಡ್. ಅದರ ಲೂಸಿಫರೇಸ್ 185 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್, ತೂಕ ಸುಮಾರು 20 ಕಿಲೋಡಾಲ್ಟನ್. ಪ್ರಾಣಿ ಇದನ್ನು ದೇಹದಿಂದ ಹೊರಗೆ ಚಿಮ್ಮುತ್ತದೆ. ಆ ಗುಣ ನಮ್ಮ ಪ್ರಯೋಗಾಲಯದ ಕೋಶಗಳಲ್ಲೂ ಉಳಿದಿದೆ. ಕೋಶ ಅದನ್ನು ತಯಾರಿಸಿ ದ್ರಾವಣಕ್ಕೆ ಬಿಡುತ್ತದೆ. ನೀವು ಕೋಶ ಒಡೆಯಬೇಕಿಲ್ಲ. ದಿನಕ್ಕೊಮ್ಮೆ ದ್ರಾವಣದ 10 ಮೈಕ್ರೋಲೀಟರ್ ತೆಗೆದುಕೊಂಡು ಓದಿದರೆ ಆಯಿತು, ಕೋಶಗಳು ತಮ್ಮ ಪಾಡಿಗೆ ಬೆಳೆಯುತ್ತಿರುತ್ತವೆ. ಮೆಟ್ರಿಡಿಯಾ ಲಾಂಗಾ ಎಂಬ ಕೋಪೆಪಾಡ್‌ನ ಕಿಣ್ವವೂ ಇದೇ ಜಾತಿಯದ್ದು, ಬಳಕೆಯೂ ಹೆಚ್ಚುಕಮ್ಮಿ ಅದೇ.

ಆದರೆ ಹೊರಗೆ ಬಂದ ಗಾಸಿಯಾ ಬೇಗ ಹಾಳಾಗುವುದಿಲ್ಲ. ದ್ರಾವಣದಲ್ಲಿ ದಿನಗಟ್ಟಲೆ ಉಳಿದು, ಗೋಲಕಕ್ಕೆ ಬಿದ್ದ ಕಾಸಿನಂತೆ ಕೂಡುತ್ತಾ ಹೋಗುತ್ತದೆ. ಜೀನ್ ಏರಿದ್ದು ಚೆನ್ನಾಗಿ ಕಾಣುತ್ತದೆ, ಇಳಿದದ್ದು ಕಾಣುವುದೇ ಇಲ್ಲ. ಇಳಿಯುವುದನ್ನು ನೋಡಬೇಕಿದ್ದರೆ ದ್ರಾವಣ ಬದಲಿಸಿ, ಆಮೇಲೆ ಬಂದಷ್ಟನ್ನು ಮಾತ್ರ ಅಳೆಯಬೇಕು.

ಸಿಗಡಿಯ ಕಿಣ್ವದ ಕಥೆ ಬೇರೆ. ಓಸಾಮು ಶಿಮೊಮುರಾ ಮತ್ತು ಸಂಗಡಿಗರು 1978ರಲ್ಲಿ ಅದರ ಗುಣಗಳನ್ನು ವಿವರಿಸಿದ್ದರು. (ಜೆಲ್ಲಿ ಮೀನಿನ ಹಸಿರು ಪ್ರೋಟೀನಿಗಾಗಿ 2008ರ ನೊಬೆಲ್ ಹಂಚಿಕೊಂಡವರೂ ಇವರೇ.) 2000ರಲ್ಲಿ ಜೀನ್ ಸಿಕ್ಕಾಗ, ಕಿಣ್ವದಲ್ಲಿ 35 ಮತ್ತು 19 ಕಿಲೋಡಾಲ್ಟನ್‌ನ ಎರಡು ಭಾಗಗಳಿವೆ, ಬೆಳಕು ಮಾಡುವುದು ಚಿಕ್ಕದು ಎಂದು ಗೊತ್ತಾಯಿತು. ಆದರೆ ಚಿಕ್ಕದನ್ನು ಒಂಟಿಯಾಗಿ ಮಾಡಿದರೆ ಅದು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಪ್ರೊಮೆಗಾ ಕಂಪನಿಯ ವಿಜ್ಞಾನಿಗಳು ಅದರ ಅಮೈನೋ ಆಮ್ಲಗಳನ್ನು ಸುತ್ತು ಸುತ್ತಾಗಿ ಬದಲಿಸಿದರು. ಜೊತೆಗೆ ಸೀಲೆಂಟರಜೀನನ್ನೇ ತಿದ್ದಿ ಮಾಡಿದ ಫ್ಯೂರಿಮಜೀನ್ ಎಂಬ ಹೊಸ ಇಂಧನವನ್ನೂ ಹೊಂದಿಸಿ 2012ರಲ್ಲಿ ನ್ಯಾನೋಲಕ್ ಅನ್ನು ಪ್ರಕಟಿಸಿದರು. 171 ಅಮೈನೋ ಆಮ್ಲ, 19 ಕಿಲೋಡಾಲ್ಟನ್, ಬೆಳಕಿನ ಶಿಖರ 460 ನ್ಯಾನೊಮೀಟರ್. ಮಿಂಚುಹುಳದ ಕಿಣ್ವಕ್ಕಿಂತ ಸುಮಾರು 150 ಪಟ್ಟು ಹೆಚ್ಚು ಬೆಳಕು ಎಂದು ಅವರು ವರದಿ ಮಾಡಿದರು.

ನ್ಯಾನೋಲಕ್‌ನಲ್ಲೂ ಆಯ್ಕೆಗಳಿವೆ. ಸಾಮಾನ್ಯ ರೂಪ ಕೋಶದೊಳಗೆ ತುಂಬಾ ಹೊತ್ತು ಉಳಿಯುತ್ತದೆ. ಪೆಸ್ಟ್ ಎಂಬ ಬಾಲ ಅಂಟಿಸಿದ ರೂಪವನ್ನು ಕೋಶ ಬೇಗ ಬೇಗ ಒಡೆದುಹಾಕುತ್ತದೆ. ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ ಅಷ್ಟೇ. ಸ್ರವಿಸುವ ರೂಪವೂ ಸಿಗುತ್ತದೆ.

ನನ್ನ ಸಲಹೆ ಹೀಗೆ. ಗಂಟೆಗಳ ಲೆಕ್ಕದಲ್ಲಿ ಏರಿಳಿತ ನೋಡಬೇಕಾದರೆ ಪೆಸ್ಟ್ ಇರುವ ನ್ಯಾನೋಲಕ್. ಬೆಳಕು ಸ್ವಲ್ಪ ಕಮ್ಮಿಯಾಗುತ್ತದೆ, ಆಗಲಿ ಬಿಡಿ. ಅದೇ ಕೋಶಗಳನ್ನು ದಿನಗಟ್ಟಲೆ ಹಿಂಬಾಲಿಸಬೇಕಾದರೆ ಗಾಸಿಯಾ. ತುಂಬಾ ಕಮ್ಮಿ ಇರುವ ಪ್ರೋಟೀನಿಗೆ ಗುರುತು ಅಂಟಿಸಬೇಕಾದರೆ ಸಾಮಾನ್ಯ ನ್ಯಾನೋಲಕ್ ಅಥವಾ ಹಂತ 8ರಲ್ಲಿ ಬರುವ ಹೈಬಿಟ್.

ಲೇಖನಗಳಲ್ಲಿ ರೆನಿಲ್ಲಾ ಎಂಬ ಹೆಸರೂ ಪದೇಪದೇ ಎದುರಾಗುತ್ತದೆ. ಅದಕ್ಕೂ ಸೀಲೆಂಟರಜೀನೇ ಇಂಧನ. ಆದರೆ ಆ ಪ್ರಾಣಿ ಆಳಸಮುದ್ರದ್ದಲ್ಲ, ದಡದ ಹತ್ತಿರದ ಮರಳಿನಲ್ಲಿ ಬದುಕುವಂಥದ್ದು.

ಹಂತ 3: ಪ್ಲಾಸ್ಮಿಡ್ ಮತ್ತು ಅನುಮತಿ

ಈಗ ಯಾರೂ ಸಿಗಡಿ ಹಿಡಿಯಲು ಹಡಗು ಹತ್ತಬೇಕಿಲ್ಲ. ಕಿಣ್ವದ ಜೀನ್ ಇರುವ ಪ್ಲಾಸ್ಮಿಡ್ (ಜೀನನ್ನು ಕೋಶಕ್ಕೆ ಒಯ್ಯುವ ಡಿಎನ್‌ಎ ಉಂಗುರ) ಸಿದ್ಧವಾಗಿಯೇ ಸಿಗುತ್ತದೆ. ಮಾನವ ಕೋಶಗಳಿಗೆ ಹೊಂದುವ ಕೋಡಾನ್‌ಗಳಿರುವ ರೂಪವನ್ನೇ ಕೇಳಿ ಪಡೆಯಿರಿ. ಬಳಕೆಯ ಪರವಾನಗಿಯ ಷರತ್ತುಗಳನ್ನು ಓದಿ. ಶೈಕ್ಷಣಿಕ ಸಂಶೋಧನೆಗೆ ಒಂದು ನಿಯಮ, ವ್ಯಾಪಾರಕ್ಕೆ ಇನ್ನೊಂದು ಇರುತ್ತದೆ. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯನ್ನೂ ಮೊದಲೇ ಪಡೆದಿರಿ.

ಗಾಸಿಯಾ ಬಳಸುವವರು ಒಂದು ವಿಷಯ ನೆನಪಿಡಬೇಕು. ಅದರಲ್ಲಿ ಹತ್ತು ಸಿಸ್ಟೀನ್‌ಗಳಿವೆ. ಅವು ಜೋಡಿ ಜೋಡಿಯಾಗಿ ಡೈಸಲ್ಫೈಡ್ ಬಂಧ ಕಟ್ಟಿಕೊಂಡರೆ ಮಾತ್ರ ಕಿಣ್ವ ಸರಿಯಾಗಿ ಮಡಚಿಕೊಳ್ಳುತ್ತದೆ. ಹಾಗಾಗಿ ಸಾಮಾನ್ಯ ಇ. ಕೋಲೈ ಬ್ಯಾಕ್ಟೀರಿಯಾದ ಒಳಗೆ ಅದನ್ನು ತಯಾರಿಸಲು ಹೋದರೆ ಬಹುಪಾಲು ಕೆಲಸಕ್ಕೆ ಬಾರದ ಪ್ರೋಟೀನ್ ಸಿಗುತ್ತದೆ. ಆ ಬಂಧ ಕಟ್ಟಬಲ್ಲ ವಿಶೇಷ ತಳಿಗಳನ್ನು ಬಳಸಿ, ಕಮ್ಮಿ ಉಷ್ಣಾಂಶದಲ್ಲಿ ಬೆಳೆಸಿ. ಮುಖ್ಯವಾಗಿ, ಬಫರಿಗೆ ಡಿಟಿಟಿಯನ್ನಾಗಲಿ ಮರ್ಕ್ಯಾಪ್ಟೋಎಥನಾಲನ್ನಾಗಲಿ ಹಾಕಬೇಡಿ. ಇವು ಆ ಬಂಧಗಳನ್ನು ಬಿಡಿಸುತ್ತವೆ, ಬೆಳಕು ಹೋಗುತ್ತದೆ. ಬೇರೆ ಪ್ರಯೋಗಕ್ಕೆ ಮಾಡಿಟ್ಟ, ಕೋಶ ಒಡೆಯುವ ಲೈಸಿಸ್ ಬಫರನ್ನು ಸುಮ್ನೆ ಎತ್ತಿಕೊಂಡು ಬಳಸುವಾಗ ಇದು ಗಮನಕ್ಕೆ ಬರುವುದೇ ಇಲ್ಲ.

ಹಂತ 4: ಸಬ್‌ಸ್ಟ್ರೇಟ್

ಈ ಹಂತವನ್ನು ನಿಧಾನವಾಗಿ ಓದಿ.

ಸೀಲೆಂಟರಜೀನ್ ಹಳದಿ-ಕಿತ್ತಳೆ ಬಣ್ಣದ ಪುಡಿ. ಚಿಕ್ಕ ಸೀಸೆಯಲ್ಲಿ ಒಂದೆರಡು ಮಿಲಿಗ್ರಾಂ ಬರುತ್ತದೆ. ಎಷ್ಟೋ ಸಲ ಪುಡಿ ಸೀಸೆಯ ಗೋಡೆಗೆ ತೆಳುವಾಗಿ ಅಂಟಿರುತ್ತದೆ, ಖಾಲಿ ಸೀಸೆ ಕಳಿಸಿದ್ದಾರೇನೋ ಅನ್ನಿಸುವಷ್ಟು. ಮುಚ್ಚಳ ತೆಗೆಯುವ ಮುಂಚೆ ಸೀಸೆ ಕೋಣೆಯ ಉಷ್ಣಾಂಶಕ್ಕೆ ಬರಲಿ. ತಣ್ಣಗಿರುವಾಗಲೇ ತೆಗೆದರೆ ಗಾಳಿಯ ತೇವ ಒಳಗೆ ಇಳಿಯುತ್ತದೆ. ಆಮೇಲೆ ಸೀಸೆಯನ್ನು ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸಿ ಪುಡಿಯನ್ನು ತಳಕ್ಕೆ ಇಳಿಸಿ.

ಕರಗಿಸಲು ಮೆಥನಾಲ್ ಅಥವಾ ಎಥನಾಲ್ ಬಳಸಿ. ಇದಕ್ಕೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಆಮ್ಲೀಯ ಮಾಡಿದರೆ ಸ್ಟಾಕ್ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಯಾವುದು ಕರಗದಿದ್ದರೂ ಡಿಎಂಎಸ್‌ಒ ಸುರಿಯುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ? ಇಲ್ಲಿ ಅದು ಬೇಡವೇ ಬೇಡ. ಡಿಎಂಎಸ್‌ಒನಲ್ಲಿ ಸೀಲೆಂಟರಜೀನ್ ತಾನೇ ಆಕ್ಸೀಕರಣಗೊಂಡು ಹಾಳಾಗುತ್ತದೆ. ಮೆಥನಾಲ್ ವಿಷ, ಬೆಂಕಿಗೂ ಬೇಗ ಹತ್ತುತ್ತದೆ. ಕೈಗವಸು ಹಾಕಿಕೊಂಡು ಫ್ಯೂಮ್ ಹುಡ್ ಕೆಳಗೆ ಕೆಲಸ ಮಾಡಿ.

ಲೆಕ್ಕ ಹೀಗೆ. ಸೀಲೆಂಟರಜೀನ್‌ನ ಅಣುತೂಕ 423.5. 1 ಮಿಲಿಗ್ರಾಂ ಪುಡಿಯನ್ನು 1 ಮಿಲಿಲೀಟರಿನಲ್ಲಿ ಕರಗಿಸಿದರೆ ಸುಮಾರು 2.36 ಮಿಲಿಮೋಲಾರ್ ಸ್ಟಾಕ್ ಆಗುತ್ತದೆ. ಕೆಲಸದ ದ್ರಾವಣ 20 ಮೈಕ್ರೋಮೋಲಾರ್ ಬೇಕು, 10 ಮಿಲಿಲೀಟರ್ ಬೇಕು ಅಂದುಕೊಳ್ಳಿ. 20 ಅನ್ನು 10ರಿಂದ ಗುಣಿಸಿ 2,360ರಿಂದ ಭಾಗಿಸಿದರೆ 0.085 ಮಿಲಿಲೀಟರ್. ಅಂದರೆ ಸ್ಟಾಕ್‌ನಿಂದ 85 ಮೈಕ್ರೋಲೀಟರ್.

ಸ್ಟಾಕ್ ಅನ್ನು ಒಂದೊಂದು ದಿನಕ್ಕೆ ಆಗುವಷ್ಟು ಸಣ್ಣ ಪಾಲುಗಳಾಗಿ ಮಾಡಿ. ಸಾಧ್ಯವಿದ್ದರೆ ಪ್ರತಿ ಟ್ಯೂಬಿನ ಮೇಲಿನ ಗಾಳಿಯನ್ನು ಆರ್ಗಾನ್ ಅಥವಾ ನೈಟ್ರೋಜನ್‌ನಿಂದ ತಳ್ಳಿ, ಬಿಗಿಯಾಗಿ ಮುಚ್ಚಿ. ಬೆಳಕು ತಾಗದಂತೆ ಫಾಯಿಲ್ ಸುತ್ತಿ −80 ಡಿಗ್ರಿಯಲ್ಲಿ ಇಡಿ. ತೆಗೆದ ಪಾಲನ್ನು ವಾಪಸ್ ಇಡುವ ಆಸೆ ಬೇಡ.

ನೀರಿನ ಬಫರಿಗೆ ಬೆರೆಸುವುದನ್ನು ಅದೇ ದಿನ, ಓದುವ ಸ್ವಲ್ಪ ಮುಂಚೆ ಮಾಡಿ. ಬೆರೆಸಿದ ಮೇಲೆ ಕತ್ತಲಲ್ಲಿ ಅರ್ಧ ಗಂಟೆ ಹಾಗೇ ಬಿಡಿ. ಹೊಸದಾಗಿ ಬೆರೆಸಿದಾಗ ತಾನೇ ತಾನಾಗಿ ಬರುವ ಮಿಣುಕು ಬೆಳಕು ಅಷ್ಟರಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇಲ್ಲವಾದರೆ ಪ್ಲೇಟಿನ ಮೊದಲ ಸಾಲಿನ ವೆಲ್‌ಗಳ (ಗುಳಿಗಳ) ಹಿನ್ನೆಲೆ ಒಂದು ರೀತಿ, ಕೊನೆಯ ಸಾಲಿನದ್ದು ಇನ್ನೊಂದು ರೀತಿ.

ಸೀರಂ ಬಗ್ಗೆಯೂ ಹೇಳಬೇಕು. ಸೀರಂನಲ್ಲಿರುವ ಆಲ್ಬುಮಿನ್ ಈ ಸ್ವಯಂ ಬೆಳಕನ್ನು ಹೆಚ್ಚಿಸುತ್ತದೆ. ಹಾಗಾಗಿ ಹಿನ್ನೆಲೆ ಅಳೆಯಲು ಬರೀ ಬಫರ್ ಬಳಸಿದರೆ ನಿಜವಾದ ಹಿನ್ನೆಲೆ ಸಿಗುವುದಿಲ್ಲ. ನಿಮ್ಮ ಮಾದರಿಯಲ್ಲಿ 10% ಸೀರಂ ಇದ್ದರೆ ಹಿನ್ನೆಲೆಯ ವೆಲ್‌ನಲ್ಲೂ 10% ಸೀರಂ ಇರಲಿ.

ಸೀಲೆಂಟರಜೀನ್‌ಗೆ ತಮ್ಮಂದಿರು ಬಹಳ ಇದ್ದಾರೆ, ಒಂದೊಂದು ಅಕ್ಷರದ ಬಾಲದೊಂದಿಗೆ. ಗಾಸಿಯಾಕ್ಕೆ ಮೂಲ ರೂಪವೇ ಒಳ್ಳೆಯದು. ರೆನಿಲ್ಲಾಕ್ಕೆ ತಂದಿಟ್ಟ "ಎಚ್" ರೂಪವನ್ನು ಗಾಸಿಯಾಕ್ಕೆ ಹಾಕಿದರೆ ಬೆಳಕು ಸೊರಗುತ್ತದೆ. ನ್ಯಾನೋಲಕ್‌ಗೆ ಫ್ಯೂರಿಮಜೀನ್ ಬಳಸಿ. ಮೂಲ ಸೀಲೆಂಟರಜೀನ್‌ನಲ್ಲೂ ಅದು ಬೆಳಗುತ್ತದೆ, ಆದರೆ ಮಂದವಾಗಿ.

ಹಂತ 5: ಪ್ಲೇಟು, ಯಂತ್ರ, ಸಮಯ

ಪಾರದರ್ಶಕ ಪ್ಲೇಟ್ ಬೇಡ, ಬೆಳಕು ಪಕ್ಕದ ವೆಲ್‌ಗೆ ಸೋರುತ್ತದೆ. ಬಿಳಿ ಪ್ಲೇಟ್ ಬೆಳಕನ್ನು ಮೇಲಕ್ಕೆ ಹಿಂದಿರುಗಿಸುತ್ತದೆ, ಮಾಮೂಲಿ ಕೆಲಸಕ್ಕೆ ಅದೇ ಸರಿ. ಅತಿ ಪ್ರಖರವಾದ ಮಾದರಿಯೂ ಅತಿ ಮಂದವಾದದ್ದೂ ಒಂದೇ ಪ್ಲೇಟಿನಲ್ಲಿದ್ದರೆ ಕಪ್ಪು ಪ್ಲೇಟ್ ಯೋಚಿಸಿ. ಸೋರಿಕೆ ಎಷ್ಟು ಅಂತ ನೋಡುವುದು ಸುಲಭ. ನಡುವಿನ ಒಂದು ವೆಲ್‌ನಲ್ಲಿ ಪ್ರಖರ ಮಾದರಿ, ಸುತ್ತಲಿನ ಎಂಟರಲ್ಲಿ ಬರೀ ಬಫರ್. ಆ ಎಂಟರಲ್ಲಿ ಬಂದ ಅಂಕಿಯೇ ಸೋರಿಕೆ.

ಇನ್ನು ಸಮಯ. ಗಾಸಿಯಾದ ಬೆಳಕು ಭಗ್ ಎಂದು ಹತ್ತಿ ಬೇಗ ಇಳಿಯುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ಬೆಳಕು ಪ್ರತಿ ನಿಮಿಷಕ್ಕೆ ಅರ್ಧವಾಗುತ್ತಿದೆ ಎಂದುಕೊಳ್ಳಿ. ನೀವು 96 ವೆಲ್‌ಗಳಿಗೂ ಒಟ್ಟಿಗೆ ಸಬ್‌ಸ್ಟ್ರೇಟ್ ಹಾಕಿ ಯಂತ್ರದೊಳಗೆ ಇಟ್ಟಿರಿ. ಕೊನೆಯ ವೆಲ್ ತಲುಪಲು ಯಂತ್ರಕ್ಕೆ ಎರಡು ನಿಮಿಷ ಹಿಡಿಯಿತು. ಎಲ್ಲ ವೆಲ್‌ಗಳಲ್ಲೂ ಒಂದೇ ಮಾದರಿ ಇದ್ದರೂ ಕೊನೆಯದು ಮೊದಲಿನದರ ಕಾಲು ಭಾಗ ತೋರಿಸುತ್ತದೆ. ಪ್ಲೇಟಿನ ಎಡಗಡೆ ಕಂಟ್ರೋಲ್, ಬಲಗಡೆ ಔಷಧ ಇದ್ದಿದ್ದರೆ? ಔಷಧಕ್ಕೆ ಇಲ್ಲದ ಶಕ್ತಿ ಬಂದುಬಿಡುತ್ತಿತ್ತು!

ಹಾಗಾಗಿ ಗಾಸಿಯಾಕ್ಕೆ ಇಂಜೆಕ್ಟರ್ ಇರುವ ಲುಮಿನೋಮೀಟರ್ (ಬೆಳಕು ಅಳೆಯುವ ಯಂತ್ರ) ಬೇಕು. ಯಂತ್ರ ಒಂದು ವೆಲ್‌ಗೆ ಸಬ್‌ಸ್ಟ್ರೇಟ್ ಚಿಮ್ಮಿ, ಒಂದೆರಡು ಸೆಕೆಂಡ್ ಬಿಟ್ಟು, ಕೆಲವು ಸೆಕೆಂಡ್ ಓದಿ, ಮುಂದಿನದಕ್ಕೆ ಹೋಗುತ್ತದೆ. ಪ್ರತಿ ವೆಲ್‌ಗೂ ಗಡಿಯಾರ ಹೊಸದಾಗಿ ಶುರು. ಇಂಜೆಕ್ಟರ್ ಇಲ್ಲದಿದ್ದರೆ ನಿಧಾನವಾಗಿ ಇಳಿಯುವಂತೆ ಮಾಡುವ ಸ್ಥಿರಕಾರಿ ದ್ರಾವಣ ಅಥವಾ ಗಾಸಿಯಾದ ಬದಲಾಯಿಸಿದ ರೂಪ ಹುಡುಕಿ. ನ್ಯಾನೋಲಕ್‌ನ ಬೆಳಕು ಅದರ ಸಿದ್ಧ ರೀಜೆಂಟ್‌ನಲ್ಲಿ ಗಂಟೆಗಳ ಕಾಲ ನಿಲ್ಲುತ್ತದೆ, ಇಂಜೆಕ್ಟರ್ ಇಲ್ಲದೆಯೂ ನಡೆಯುತ್ತದೆ. ಹಾಗಿದ್ದರೂ ಕಂಟ್ರೋಲ್‌ಗಳನ್ನು ಪ್ಲೇಟಿನ ಎರಡೂ ತುದಿಯಲ್ಲಿ ಹಂಚಿಡಿ.

ಇಂಜೆಕ್ಟರ್‌ನ ನಳಿಗೆಯನ್ನು ಪ್ರಯೋಗದ ನಂತರ ನೀರು, ಎಥನಾಲ್, ಮತ್ತೆ ನೀರು ಹಾಯಿಸಿ ತೊಳೆಯಿರಿ. ಹಿಂದೆ ಬಳಸಿದವರು ತೊಳೆದಿರುತ್ತಾರೆ ಅಂತ ನಂಬಬೇಡಿ.

ಹಂತ 6: ಕಂಟ್ರೋಲ್‌ಗಳು

ಕನಿಷ್ಠ ಇಷ್ಟು ಇರಲಿ. ಪ್ಲಾಸ್ಮಿಡ್ ಹಾಕದ ಕೋಶ ಮತ್ತು ಸಬ್‌ಸ್ಟ್ರೇಟ್, ಇದು ನಿಮ್ಮ ಹಿನ್ನೆಲೆ. ಪ್ರೊಮೋಟರ್ ಇಲ್ಲದ ಲೂಸಿಫರೇಸ್ ಪ್ಲಾಸ್ಮಿಡ್, ಇದು ಪ್ಲಾಸ್ಮಿಡ್ ತಾನಾಗಿಯೇ ಸೋರಿಸುವ ಬೆಳಕು. ಖಂಡಿತ ಏರಬೇಕಾದ ಒಂದು ಪಾಸಿಟಿವ್ ಕಂಟ್ರೋಲ್. ಔಷಧ ಕರಗಿಸಿದ ದ್ರಾವಕ ಮಾತ್ರ ಹಾಕಿದ ವೆಲ್.

ಇವುಗಳ ಜೊತೆಗೆ, ಯಾರೂ ಮಾಡದ ಆದರೆ ಮಾಡಲೇಬೇಕಾದ ಇನ್ನೊಂದು ಇದೆ. ಕಿಣ್ವ ತುಂಬಿದ ಸಿದ್ಧ ಲೈಸೇಟ್ (ಒಡೆದ ಕೋಶಗಳ ಸಾರ) ಅಥವಾ ದ್ರಾವಣಕ್ಕೆ ನೇರವಾಗಿ ನಿಮ್ಮ ಔಷಧ ಹಾಕಿ ಓದಿ. ಇಲ್ಲಿ ಕೋಶವೇ ಇಲ್ಲ, ಜೀನ್ ಏರುವ ಇಳಿಯುವ ಪ್ರಶ್ನೆಯೇ ಇಲ್ಲ. ಆದರೂ ಬೆಳಕು ಬದಲಾದರೆ ಔಷಧ ಕಿಣ್ವವನ್ನೇ ಮುಟ್ಟುತ್ತಿದೆ ಎಂದರ್ಥ.

ಇದು ಬರೀ ಭಯವಲ್ಲ. ಪಿಟಿಸಿ124 ಎಂಬ ಔಷಧವನ್ನು ಮಿಂಚುಹುಳದ ಲೂಸಿಫರೇಸ್ ಬಳಸಿದ ಪರೀಕ್ಷೆಯಿಂದ ಆರಿಸಲಾಗಿತ್ತು. ಅದು ಆ ಕಿಣ್ವಕ್ಕೇ ಅಂಟಿಕೊಂಡು, ಕಿಣ್ವ ಹಾಳಾಗದಂತೆ ಹಿಡಿದಿಟ್ಟು ಬೆಳಕು ಹೆಚ್ಚಿಸಬಲ್ಲದು ಎಂದು ಆಮೇಲೆ ಬೇರೆ ಸಂಶೋಧಕರು ತೋರಿಸಿದರು. ದೊಡ್ಡ ಚರ್ಚೆಯೇ ಆಯಿತು. ಸಮುದ್ರದ ಕಿಣ್ವ ಬಳಸಿದರೆ ಈ ಅಪಾಯದಿಂದ ಬಿಡುಗಡೆ ಅಂತೇನೂ ಇಲ್ಲ.

ಗಾಸಿಯಾಕ್ಕೆ ಇನ್ನೊಂದು ಬಲೆ ಇದೆ. ಕೋಶ ಅದನ್ನು ಹೊರಗೆ ಬಿಟ್ಟರೆ ತಾನೆ ನೀವು ಅಳೆಯುವುದು? ಬ್ರೆಫೆಲ್ಡಿನ್ ಎ ಥರದ, ಸ್ರವಿಸುವ ದಾರಿಯನ್ನೇ ಮುಚ್ಚುವ ವಸ್ತು ಹಾಕಿದರೆ ಪ್ರೊಮೋಟರ್ ಚೆನ್ನಾಗಿ ಓಡುತ್ತಿದ್ದರೂ ದ್ರಾವಣದಲ್ಲಿ ಬೆಳಕು ಇಳಿಯುತ್ತದೆ. ಅನುಮಾನ ಬಂದರೆ ದ್ರಾವಣದ ಜೊತೆ ಕೋಶದ ಲೈಸೇಟನ್ನೂ ಓದಿ.

ಹಂತ 7: ಒಂದು ಪ್ರಯೋಗ, ಮೊದಲಿಂದ ಕೊನೆಯವರೆಗೆ

ಪ್ರೊಮೋಟರ್ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಪರೀಕ್ಷಿಸುವ ಪ್ರೊಮೋಟರ್ ಮುಂದೆ ನ್ಯಾನೋಲಕ್, ಹೋಲಿಕೆಗೆ ಮಿಂಚುಹುಳದ ಲೂಸಿಫರೇಸ್.

ಮೊದಲ ದಿನ 96 ವೆಲ್ ಪ್ಲೇಟಿನಲ್ಲಿ ವೆಲ್‌ಗೆ ಸುಮಾರು 20,000 ಹೆಕ್293 ಕೋಶ ಹಾಕಿ. ಎರಡನೇ ದಿನ ಎರಡೂ ಪ್ಲಾಸ್ಮಿಡ್‌ಗಳನ್ನು ಟ್ರಾನ್ಸ್‌ಫೆಕ್ಟ್ ಮಾಡಿ, ಅಂದರೆ ಕೋಶಗಳೊಳಗೆ ಸೇರಿಸಿ. ಹೋಲಿಕೆಯ ಪ್ಲಾಸ್ಮಿಡ್‌ಗೆ ಸಿಎಂವಿಯಂತಹ ಬಲಶಾಲಿ ಪ್ರೊಮೋಟರ್ ಹಾಕಬೇಡಿ. ಅದು ಕೋಶದ ಯಂತ್ರಾಂಗವನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ. ಪಿಜಿಕೆ ಅಥವಾ ಟಿಕೆ ಥರದ ಸೌಮ್ಯವಾದದ್ದು ಸಾಕು. ಮೂರನೇ ದಿನ ಔಷಧ ಹಾಕಿ. ಎಷ್ಟು ಹೊತ್ತು ಕಾಯಬೇಕು ಎಂಬುದು ಹಂತ 1ರಲ್ಲಿ ಬರೆದ ವಾಕ್ಯದಲ್ಲಿದೆ.

ಓದುವಾಗ ಪ್ಲೇಟನ್ನು ಕೋಣೆಯ ಉಷ್ಣಾಂಶಕ್ಕೆ ತನ್ನಿ. ಇನ್‌ಕ್ಯುಬೇಟರಿನಿಂದ ತೆಗೆದ ಕೂಡಲೇ ಓದಿದರೆ, ಓದುತ್ತಾ ಓದುತ್ತಾ ಪ್ಲೇಟ್ ತಣ್ಣಗಾಗಿ ಕಿಣ್ವದ ವೇಗ ಬದಲಾಗುತ್ತದೆ. ಮೊದಲು ಮಿಂಚುಹುಳದ ರೀಜೆಂಟ್ ಹಾಕಿ ಓದಿ. ಅದು ಕೋಶಗಳನ್ನೂ ಒಡೆಯುತ್ತದೆ. ಆಮೇಲೆ ಎರಡನೇ ರೀಜೆಂಟ್. ಇದರಲ್ಲಿ ಮಿಂಚುಹುಳದ ಕಿಣ್ವವನ್ನು ತಡೆಯುವ ವಸ್ತುವೂ ಫ್ಯೂರಿಮಜೀನೂ ಇರುತ್ತವೆ. ಅದನ್ನು ಹಾಕಿ, ಚೆನ್ನಾಗಿ ಅಲುಗಿಸಿ, ನ್ಯಾನೋಲಕ್ ಓದಿ.

ಅಂಕಿ ಬಂತು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ನ್ಯಾನೋಲಕ್‌ನ ಹಿನ್ನೆಲೆ 4,000, ಮಿಂಚುಹುಳದ್ದು 2,000. ಔಷಧ ಇಲ್ಲದ ವೆಲ್‌ನಲ್ಲಿ ನ್ಯಾನೋಲಕ್ 64,000, ಮಿಂಚುಹುಳ 62,000. ಹಿನ್ನೆಲೆ ಕಳೆದರೆ ಎರಡೂ 60,000, ಅನುಪಾತ 1. ಔಷಧ ಇದ್ದ ವೆಲ್‌ನಲ್ಲಿ 84,000 ಮತ್ತು 42,000. ಕಳೆದ ಮೇಲೆ 80,000 ಮತ್ತು 40,000, ಅನುಪಾತ 2.

"ಔಷಧ ಪ್ರೊಮೋಟರನ್ನು ಎರಡು ಪಟ್ಟು ಏರಿಸಿತು" ಅಂತ ಬರೆದುಬಿಡಬಹುದಾ? ತಡೆಯಿರಿ. ನ್ಯಾನೋಲಕ್ ಏರಿದ್ದು ಮೂರನೇ ಒಂದು ಭಾಗ ಮಾತ್ರ. ಅನುಪಾತ ಇಮ್ಮಡಿಯಾಗಲು ಉಳಿದ ಕಾರಣ, ಹೋಲಿಕೆಯ ಕಿಣ್ವ ಮೂರನೇ ಒಂದು ಭಾಗ ಇಳಿದದ್ದು. ಅದು ಯಾಕೆ ಇಳಿಯಿತು? ಕೋಶಗಳು ಸತ್ತು ಕಮ್ಮಿಯಾಗಿದ್ದರೆ ಅನುಪಾತವೇ ಸರಿ. ಔಷಧ ಮಿಂಚುಹುಳದ ಕಿಣ್ವವನ್ನೋ ಅದರ ಪ್ರೊಮೋಟರನ್ನೋ ತುಳಿದಿದ್ದರೆ ಅನುಪಾತ ಸುಳ್ಳು. ಅಂಕಿ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಸಿದ್ಧ ಲೈಸೇಟಿಗೆ ಔಷಧ ಹಾಕಿ ಓದಿದ ಆ ಕಂಟ್ರೋಲ್ ಮತ್ತು ಕೋಶಗಳ ಎಣಿಕೆ, ಇವೆರಡು ಈಗ ಕೈಹಿಡಿಯುತ್ತವೆ. ವರದಿಯಲ್ಲಿ ಅನುಪಾತದ ಜೊತೆ ಎರಡೂ ಕಿಣ್ವಗಳ ಬಿಡಿ ಅಂಕಿಗಳನ್ನೂ ಕೊಡಬೇಕು ಅನ್ನುವುದು ನನ್ನ ಹಟ.

ಯಂತ್ರದ ಮಿತಿಯನ್ನೂ ನೋಡಿಕೊಳ್ಳಿ. ಅತಿ ಪ್ರಖರ ಮಾದರಿಯನ್ನು ಹತ್ತು ಪಟ್ಟು ತೆಳು ಮಾಡಿದರೆ ಅಂಕಿ ಹತ್ತನೇ ಒಂದಕ್ಕೆ ಇಳಿಯಬೇಕು. 5,00,000 ಇದ್ದದ್ದು 50,000ದ ಬದಲು 90,000 ಆದರೆ, ಮೊದಲನೆಯದರಲ್ಲಿ ಯಂತ್ರ ಪೂರ್ತಿ ಓದಿರಲಿಲ್ಲ, ಅಥವಾ ಇಂಧನವೇ ಮುಗಿಯುತ್ತಿತ್ತು. ನ್ಯಾನೋಲಕ್ ಬಳಸುವವರಿಗೆ ಇದು ಮಾಮೂಲಿ, ಬೆಳಕು ಜಾಸ್ತಿಯಾಗಿದ್ದೇ ಸಮಸ್ಯೆ. ಪ್ಲಾಸ್ಮಿಡ್ ಕಮ್ಮಿ ಹಾಕಿ.

ಇಂತಹ ಯಂತ್ರಗಳು ಕೊಡುವುದು ಸಾಪೇಕ್ಷ ಅಂಕಿ ಮಾತ್ರ. ಒಂದು ಯಂತ್ರದ 50,000 ಇನ್ನೊಂದರ 50,000 ಅಲ್ಲ. ಬೇರೆ ಪ್ರಯೋಗಾಲಯದ ಜೊತೆ ಹೋಲಿಸಬೇಕಾದರೆ ಶುದ್ಧ ಕಿಣ್ವದ ಸ್ಟ್ಯಾಂಡರ್ಡ್ ಕರ್ವ್ ಹಾಕಿಕೊಳ್ಳಿ.

ಹಂತ 8: ಎರಡು ತುಂಡು ಮಾಡಿದ ಕಿಣ್ವ

ನ್ಯಾನೋಲಕ್‌ನ ನಿಜವಾದ ಮಜಾ ಇಲ್ಲಿದೆ. ಅದನ್ನು ಸುಮಾರು 18 ಕಿಲೋಡಾಲ್ಟನ್‌ನ ದೊಡ್ಡ ತುಂಡು, 11 ಅಮೈನೋ ಆಮ್ಲಗಳ ಪುಟ್ಟ ತುಂಡು ಎಂದು ಎರಡು ಮಾಡಬಹುದು. ಬೇರೆಬೇರೆ ಇದ್ದರೆ ಬೆಳಕು ಇಲ್ಲದಂತೆಯೇ. ಸೇರಿದರೆ ಬೆಳಗುತ್ತದೆ.

ಪುಟ್ಟ ತುಂಡಿನಲ್ಲಿ ಎರಡು ಬಗೆ. ಸ್ಮಾಲ್‌ಬಿಟ್‌ಗೆ ದೊಡ್ಡ ತುಂಡಿನ ಮೇಲೆ ಆಕರ್ಷಣೆ ತುಂಬಾ ಕಮ್ಮಿ, 190 ಮೈಕ್ರೋಮೋಲಾರ್ ಮಟ್ಟದ್ದು (ಈ ಅಂಕಿ ದೊಡ್ಡದಾದಷ್ಟೂ ಹಿಡಿತ ಸಡಿಲ). ತಾವಾಗಿ ಅವು ಸೇರುವುದಿಲ್ಲ. ನೀವು ಒಂದೊಂದನ್ನು ಒಂದೊಂದು ಪ್ರೋಟೀನಿಗೆ ಅಂಟಿಸಿ, ಆ ಪ್ರೋಟೀನುಗಳು ಭೇಟಿಯಾದರೆ ಮಾತ್ರ ಬೆಳಕು. ಬಿಟ್ಟರೆ ಬೆಳಕು ಇಳಿಯುತ್ತದೆ. ಹೈಬಿಟ್‌ಗೆ ಆಕರ್ಷಣೆ ಸುಮಾರು 0.7 ನ್ಯಾನೋಮೋಲಾರ್, ಕಂಡ ಕೂಡಲೇ ಅಪ್ಪಿಕೊಳ್ಳುತ್ತದೆ. ಇದನ್ನು ಪ್ರೋಟೀನಿನ ಪ್ರಮಾಣ ಅಳೆಯಲು ಬಳಸುತ್ತಾರೆ. ಜೀನ್ ತಿದ್ದುವ ಕ್ರಿಸ್ಪರ್ ತಂತ್ರದ ಮೂಲಕ ಜೀನ್‌ನ ತುದಿಗೆ ಈ ಪುಟ್ಟ ಬಾಲ ಸೇರಿಸಿ, ಕೋಶ ಒಡೆದು ದೊಡ್ಡ ತುಂಡು ಮತ್ತು ಫ್ಯೂರಿಮಜೀನ್ ಹಾಕಿದರೆ ಆಯಿತು. ಪ್ರೋಟೀನ್ ತನ್ನ ಸ್ವಂತ ಪ್ರೊಮೋಟರ್ ಅಡಿಯಲ್ಲೇ ಇರುವುದರಿಂದ ಅದರ ಸಹಜ ಪ್ರಮಾಣವೇ ಸಿಗುತ್ತದೆ.

ಸ್ಮಾಲ್‌ಬಿಟ್ ಪ್ರಯೋಗದಲ್ಲಿ ತುಂಡುಗಳನ್ನು ಯಾವ ತುದಿಗೆ ಅಂಟಿಸಬೇಕೆಂದು ಮೊದಲೇ ಹೇಳಲು ಆಗುವುದಿಲ್ಲ. ಎರಡು ಪ್ರೋಟೀನ್, ಎರಡು ತುದಿ, ಎರಡು ತುಂಡು, ಒಟ್ಟು ಎಂಟು ಜೋಡಣೆ. ಎಂಟನ್ನೂ ಮಾಡಿ ನೋಡುವುದು ಬೇಸರದ ಕೆಲಸ, ಆದರೆ ಒಂದೇ ಜೋಡಣೆ ಮಾಡಿ "ಇವು ಭೇಟಿಯಾಗುವುದಿಲ್ಲ" ಎಂದು ತೀರ್ಮಾನಿಸುವುದು ತಪ್ಪು. ಮತ್ತೆ ಇಲ್ಲೂ ಸೌಮ್ಯ ಪ್ರೊಮೋಟರ್. ಕೋಶದಲ್ಲಿ ಪ್ರೋಟೀನ್ ಕಿಕ್ಕಿರಿದರೆ ಸಂಬಂಧ ಇಲ್ಲದವೂ ಡಿಕ್ಕಿ ಹೊಡೆದು ಬೆಳಗುತ್ತವೆ.

ತುಂಡು ಮಾಡದೆಯೂ ದೂರ ಅಳೆಯುವ ದಾರಿ ಇದೆ. ಒಂದು ಪ್ರೋಟೀನಿಗೆ ಇಡೀ ನ್ಯಾನೋಲಕ್, ಇನ್ನೊಂದಕ್ಕೆ ಕೆಂಪು ಬಣ್ಣ ಸೂಸುವ ಡೈ. ಎರಡೂ 10 ನ್ಯಾನೊಮೀಟರ್ ಒಳಗೆ ಬಂದರೆ ನೀಲಿಯ ಶಕ್ತಿ ಡೈಗೆ ದಾಟಿ ಕೆಂಪು ಬೆಳಕು ಬರುತ್ತದೆ. ಕೆಂಪು ಮತ್ತು ನೀಲಿಯ ಅನುಪಾತವನ್ನು ಓದುತ್ತೀರಿ. ಔಷಧ ಜೀವಂತ ಕೋಶದೊಳಗೆ ತನ್ನ ಗುರಿಗೆ ಕೂತಿದೆಯೋ ಇಲ್ಲವೋ ನೋಡಲು ಇದು ಚೆನ್ನಾಗಿ ಒದಗುತ್ತದೆ.

ವೈರಸ್ ಕೆಲಸಕ್ಕೂ ನ್ಯಾನೋಲಕ್ ಒಗ್ಗಿದೆ. ಜೀನ್ ಚಿಕ್ಕದು, ವೈರಸ್‌ಗೆ ಹೊರೆಯಾಗುವುದಿಲ್ಲ. 2020ರಲ್ಲಿ ಕೋವಿಡ್ ವೈರಸ್‌ಗೇ ನ್ಯಾನೋಲಕ್ ಜೀನ್ ಸೇರಿಸಿ, ರಕ್ತದ ಪ್ರತಿಕಾಯಗಳು ಅದನ್ನು ಎಷ್ಟು ತಡೆಯುತ್ತವೆ ಎಂದು ಬೆಳಕಿನಲ್ಲಿ ಅಳೆದರು. ಸೋಂಕು ತಗುಲದ ಕೋಶ ಬೆಳಗುವುದಿಲ್ಲ ತಾನೆ? ಇದು ಉನ್ನತ ಸುರಕ್ಷತೆಯ ಪ್ರಯೋಗಾಲಯದ ಕೆಲಸ, ನಮ್ಮ ಮೇಜಿನದ್ದಲ್ಲ.

ಹಂತ 9: ಪ್ರಾಣಿಯ ಮೇಲೆ ಪ್ರಯೋಗಕ್ಕೆ ಹೋಗುವ ಮುಂಚೆ

ಪ್ಲೇಟಿನಲ್ಲಿ ಚೆನ್ನಾಗಿ ಬೆಳಗಿತು ಎಂದು ಅದನ್ನೇ ಇಲಿಯೊಳಗೆ ಹಾಕಿದರೆ ನಿರಾಸೆ ಗ್ಯಾರಂಟಿ. ಹಿಮೋಗ್ಲೋಬಿನ್ ನೀಲಿ ಬೆಳಕನ್ನು ನುಂಗುತ್ತದೆ. ಅಂಗಾಂಶ ದಾಟಿ ಹೊರಬರುವುದು ಸುಮಾರು 600 ನ್ಯಾನೊಮೀಟರಿಗಿಂತ ಉದ್ದದ ಕೆಂಪು ಬೆಳಕು. ಚರ್ಮದ ಕೆಳಗಿನ ಗಡ್ಡೆಯಾದರೆ ಸರಿ. ಆಳದ ಅಂಗಕ್ಕೆ ಮಿಂಚುಹುಳದ ಕಿಣ್ವ ಇಂದಿಗೂ ಒಳ್ಳೆಯದು. ಇಲ್ಲವಾದರೆ ಆಂಟಾರಿಸ್ ಬಳಸಿ. ಅದರಲ್ಲಿ ನ್ಯಾನೋಲಕ್‌ಗೆ ಕಿತ್ತಳೆ ಬಣ್ಣದ ಪ್ರತಿದೀಪ್ತ ಪ್ರೋಟೀನ್ ಜೋಡಿಸಿ ಬೆಳಕನ್ನು ಕೆಂಪಿನ ಕಡೆ ತಳ್ಳಿದ್ದಾರೆ.

ಇಂಧನದ ಸಮಸ್ಯೆಯೂ ಇದೆ. ಕೋಶದಿಂದ ಔಷಧಗಳನ್ನು ಹೊರಗೆ ತಳ್ಳುವ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಸೀಲೆಂಟರಜೀನನ್ನೂ ತಳ್ಳಿಹಾಕುತ್ತದೆ. ಆ ಪಂಪನ್ನು ತಡೆಯುವ ಔಷಧ ಕೊಟ್ಟರೆ ಗಡ್ಡೆ ಬೆಳೆಯದಿದ್ದರೂ ಬೆಳಕು ಹೆಚ್ಚಾಗುತ್ತದೆ. ಕ್ಯಾನ್ಸರ್ ಔಷಧಗಳ ಅಧ್ಯಯನದಲ್ಲಿ ಇದನ್ನು ಮರೆತರೆ ಕಷ್ಟ.

ಗಾಸಿಯಾ ಈ ಎರಡೂ ತೊಡಕನ್ನು ಬಳಸು ದಾರಿಯಲ್ಲಿ ದಾಟುತ್ತದೆ. ಗಡ್ಡೆಯ ಕೋಶಗಳು ಅದನ್ನು ರಕ್ತಕ್ಕೆ ಬಿಡುತ್ತವೆ. ಇಲಿಯ ದೇಹದೊಳಗೆ ಬೆಳಕು ಹುಡುಕುವ ಬದಲು ಕೆಲವೇ ಮೈಕ್ರೋಲೀಟರ್ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಇಡಿಟಿಎ ಸೇರಿಸಿ, ಪ್ಲೇಟಿನಲ್ಲಿ ಓದಿ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ ಮಾತ್ರ. ಹಾಗಾಗಿ ಪ್ಲೇಟಿನಲ್ಲಿ ಆದಂತೆ ಇಲ್ಲಿ ಹಳೆಯದು ಕೂಡಿಕೊಳ್ಳುವುದಿಲ್ಲ, ಗಡ್ಡೆಯ ಈ ಹೊತ್ತಿನ ಸ್ಥಿತಿ ಸಿಗುತ್ತದೆ. ಎಲ್ಲಿದೆ ಎಂದು ಮಾತ್ರ ಗೊತ್ತಾಗುವುದಿಲ್ಲ, ಎಷ್ಟಿದೆ ಎಂದಷ್ಟೇ.

ಪ್ರಾಣಿ ನೀತಿ ಸಮಿತಿಯ ಅನುಮತಿ ಪತ್ರದಲ್ಲಿ ರಕ್ತ ತೆಗೆಯುವ ಪ್ರಮಾಣ ಮತ್ತು ಎಷ್ಟು ಸಲ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಗಾಸಿಯಾಕ್ಕೆ ಬೇಕಾದ್ದು ಕೆಲವೇ ಮೈಕ್ರೋಲೀಟರ್ ಆದ್ದರಿಂದ ಅದೇ ಇಲಿಯನ್ನು ವಾರಗಳ ಕಾಲ ನೋಡಬಹುದು, ಬಳಸುವ ಇಲಿಗಳ ಸಂಖ್ಯೆಯೂ ಕಮ್ಮಿಯಾಗುತ್ತದೆ.